ಹುಟ್ಟು ಹಿಡಿದವರ ಭಾವಚಿತ್ರ

ಕಡಲಲ್ಲಿ ದುಡಿಯುವವರನ್ನು ಬರೆಯುವ ಕಲಾವಿದರಿಗೆ ಬಿರುಗಾಳಿಯ ಮೋಹ ಹೆಚ್ಚು. ಎದ್ದ ಅಲೆ, ವಾಲಿದ ದೋಣಿ, ಹಗ್ಗಕ್ಕೆ ಜೋತುಬಿದ್ದ ಜನ. ಯುರೋಪಿನ ಗ್ಯಾಲರಿಗಳಲ್ಲಿ ಇಂಥ ತೈಲಚಿತ್ರಗಳಿಗೆ ಬರವಿಲ್ಲ. ಉತ್ತರ ಸ್ಪೇನ್‌ನ ಬಾಸ್ಕ್ ನಾಡಿನ ಸುಬಿಯೌರೆ ಸೋದರರ ಆಸಕ್ತಿ ಬೇರೆ. ಅವರಿಗೆ ಬೇಕಾದದ್ದು ಮೀನುಗಾರನ ಮುಖ. ಹತ್ತಿರದಿಂದ, ನೇರವಾಗಿ, ಬಿಸಿಲಿಗೆ ಬಿರಿದ ಚರ್ಮದ ಗೆರೆಗಳನ್ನೂ ಬಿಡದೆ.

ಅಣ್ಣ ವಾಲೆಂತೀನ್ (1879–1963), ತಮ್ಮ ರಮೋನ್ (1882–1969). ತಂದೆ ಹೆಸರಾಂತ ಸಂಗೀತ ಸಂಯೋಜಕರು, ಮ್ಯಾಡ್ರಿಡ್‌ನ ಅರಮನೆಯ ಪ್ರಾರ್ಥನಾ ಮಂದಿರದ ಸಂಗೀತದ ಹೊಣೆ ಹೊತ್ತವರು. ಗಂಡುಮಕ್ಕಳಿಬ್ಬರೂ ಹುಟ್ಟು ಕಿವುಡರು. ಮ್ಯಾಡ್ರಿಡ್‌ನ ಸಾನ್ ಫೆರ್ನಾಂದೊ ಅಕಾಡೆಮಿಯಲ್ಲಿ ಕಲಿತು, ಪ್ಯಾರಿಸ್, ಇಟಲಿಗಳನ್ನು ಸುತ್ತಿ, ಹಳೆಯ ಫ್ಲೆಮಿಶ್ ಚಿತ್ರಕಾರರನ್ನು ಮನಸ್ಸಿಗೆ ಹಚ್ಚಿಕೊಂಡರು. ತಂಗಿ ಪಿಲಾರ್ ಸ್ವತಃ ಬರಹಗಾರ್ತಿ. ಅಣ್ಣಂದಿರ ಕೆಲಸವನ್ನು ನಾಲ್ಕು ಜನರಿಗೆ ಮುಟ್ಟಿಸಲು ಬಹಳ ಓಡಾಡಿದರು. 1911ರಲ್ಲಿ ಬಿಲ್ಬಾವೊದಲ್ಲಿ ಹುಟ್ಟಿದ ಬಾಸ್ಕ್ ಕಲಾವಿದರ ಸಂಘದ ಬಳಗಕ್ಕೆ ಈ ಸೋದರರೂ ಸೇರಿದವರು.

ಇವರ ಕ್ಯಾನ್ವಾಸ್ ಎದುರು ನಿಂತರೆ ಮೊದಲು ಕಾಣುವುದು ಜನ. ದೊಡ್ಡ ಆಕೃತಿಗಳು ಚೌಕಟ್ಟಿನ ಅಂಚಿಗೇ ಬಂದು ನಿಂತಿರುತ್ತವೆ. ಊರು, ಗುಡ್ಡ, ನೀರು ಹಿಂದೆ ಚಿಕ್ಕದಾಗಿ ಸರಿದಿರುತ್ತವೆ. ಗೆರೆ ಖಚಿತ, ಬಣ್ಣ ಗಟ್ಟಿ. ಶತಮಾನಗಳಿಂದ ದೊರೆಗಳಿಗೂ ಸಂತರಿಗೂ ಮೀಸಲಾಗಿದ್ದ ನಿಲುವು ಇಲ್ಲಿ ತಲೆಗೆ ಟೊಪ್ಪಿ ಹಾಕಿದ ಮೀನುಗಾರನ ಪಾಲಿಗೆ ಬಂದಿದೆ. ಕಿವಿ ಕೇಳಿಸದ್ದರಿಂದಲೇ ಚಿತ್ರಗಳಲ್ಲಿ ಮೌನ ತುಂಬಿದೆ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಎದುರಿಗಿರುವವರ ಮುಖವನ್ನೇ ಓದಿ ಲೋಕವನ್ನು ಅರಿತವರಿಗೆ ಯಾವ ಮುಖವೂ ಮೂಕವಲ್ಲ.

ರಮೋನ್ ಅವರ ಒಂದು ಪ್ರಸಿದ್ಧ ಚಿತ್ರದ ವಸ್ತು ಒಂದಾರೊವಾ ಬಂದರಿನ ಗೆದ್ದ ಹುಟ್ಟುಗಾರರು. ಆ ಗೆಲುವಿನ ತೂಕ ತಿಳಿಯಬೇಕಾದರೆ ದೋಣಿಯನ್ನು ನೋಡಬೇಕು. ತ್ರೈನೆರ ಎನ್ನುವ ಈ ದೋಣಿ ಸುಮಾರು 12 ಮೀಟರ್ ಉದ್ದ, ಬಲು ಕಿರಿದು. 13 ಜನ ಹುಟ್ಟು ಹಾಕುತ್ತಾರೆ. ಎಲ್ಲರ ಬೆನ್ನೂ ದೋಣಿ ಸಾಗುವ ದಿಕ್ಕಿಗೆ. ಮುಂದಿನ ಅಲೆ ಅವರಿಗೆ ಕಾಣುವುದಿಲ್ಲ. ಕಾಣುವುದು ಹಿಂತುದಿಯಲ್ಲಿ ಉದ್ದದ ಹುಟ್ಟು ಹಿಡಿದು ನಿಂತ ಚುಕ್ಕಾಣಿಗನಿಗೆ ಮಾತ್ರ. ಕೂತ ಹಲಗೆ ಅಲುಗುವಂಥದ್ದಲ್ಲ, ಹಾಗಾಗಿ ಪ್ರತಿ ಎಳೆತಕ್ಕೂ ಸೊಂಟ, ಬೆನ್ನು, ತೋಳು ಒಟ್ಟಿಗೆ ದುಡಿಯಬೇಕು. ಇದು ಮೂಲತಃ ಆಂಚೊವಿಯನ್ನೂ ನಮ್ಮ ಬೂತಾಯಿಯ ಬಳಗದ ಸಾರ್ಡೀನನ್ನೂ ಹಿಡಿಯುತ್ತಿದ್ದ ದೋಣಿ. ಮೊದಲು ದಡ ಮುಟ್ಟಿದವರ ಮೀನಿಗೆ ಒಳ್ಳೆಯ ಬೆಲೆ, ತಡವಾದವರಿಗೆ ಉಳಿದ ಬೆಲೆ. ಹೊಟ್ಟೆಪಾಡಿನ ಆ ಪೈಪೋಟಿಯೇ ಪಂದ್ಯವಾಯಿತು. ಸಾನ್ ಸೆಬಾಸ್ತಿಯಾನ್‌ನ ಲಾ ಕೊಂಚಾ ಕೊಲ್ಲಿಯಲ್ಲಿ 1879ರಿಂದ ನಡೆದುಬಂದ ಸ್ಪರ್ಧೆಗೆ ಈಗಲೂ ಸೆಪ್ಟೆಂಬರ್‌ನಲ್ಲಿ ಊರಿಗೆ ಊರೇ ಸೇರುತ್ತದೆ.

ಈ ಗಟ್ಟಿ ಮುಖಗಳ ಹಿಂದೆ ಸಾವೂ ಇದೆ. ಬಿಸ್ಕೇ ಕೊಲ್ಲಿಯಲ್ಲಿ ಬೆಚ್ಚಗಿನ ದಿನ ಇದ್ದಕ್ಕಿದ್ದಂತೆ ಗಾಳಿ ದಿಕ್ಕು ಬದಲಿಸಿ, ಸೆಕೆ ಇಳಿದು, ಕಡಲು ಕೆರಳುತ್ತದೆ. ಅದಕ್ಕೆ ಅಲ್ಲಿ ಗಲೆರ್ನ ಎಂದು ಹೆಸರು. 1878ರ ಏಪ್ರಿಲ್ 20, ಈಸ್ಟರ್ ಹಿಂದಿನ ಶನಿವಾರ, ಒಂದೇ ಗಲೆರ್ನ ಆ ಕರಾವಳಿಯ 300ಕ್ಕೂ ಹೆಚ್ಚು ಮೀನುಗಾರರನ್ನು ನುಂಗಿತು. 1912ರ ಆಗಸ್ಟ್‌ನಲ್ಲಿ ಮತ್ತೆ 143 ಜನ ಹೋದರು, ಹೆಚ್ಚಿನವರು ಬೆರ್ಮೇವೊ ಎಂಬ ಒಂದೇ ಊರಿನವರು. ಸುಬಿಯೌರೆ ಸೋದರರು ಕುಂಚ ಹಿಡಿದು ಈ ಜನರ ನಡುವೆ ಓಡಾಡುತ್ತಿದ್ದ ಕಾಲವದು.

ಈ ಚಿತ್ರಗಳ ಬಗ್ಗೆ ಒಂದು ತಕರಾರೂ ಇದೆ, ಅದರಲ್ಲಿ ಹುರುಳಿದೆ. ಆ ಬಂದರುಗಳಿಗೆ ಆಗಲೇ ಹಬೆಯ ದೋಣಿಗಳು ಬಂದಿದ್ದವು. ಸಿಸಿಲಿಯಿಂದ ಬಂದ ವ್ಯಾಪಾರಿಗಳು ಆಂಚೊವಿಗೆ ಉಪ್ಪು ಹಾಕಿ ಡಬ್ಬಿ ತುಂಬಿಸುತ್ತಿದ್ದರು. ಹೆಂಗಸರು ಅಲ್ಲಿ ಕೂಲಿಗೆ ದುಡಿಯುತ್ತಿದ್ದರು. ಆ ಹೊಗೆ, ಆ ಕೂಲಿ ಇಬ್ಬರ ಕ್ಯಾನ್ವಾಸ್‌ನಲ್ಲಿ ಅಷ್ಟಾಗಿ ಕಾಣದು. ದುಡಿಮೆಗಾರರ ಬದುಕಿನ ಆ ಮಗ್ಗುಲಿಗೆ ಅದೇ ತಲೆಮಾರಿನ ಅವ್ರೇಲಿಯೊ ಆರ್ತೇತಾ ಅವರ ಚಿತ್ರಗಳನ್ನು ನೋಡಬೇಕು. ಸುಬಿಯೌರೆಗಳು ಮರೆಯಾಗುತ್ತಿದ್ದ ಹುಟ್ಟು, ಟೊಪ್ಪಿ, ಕೊರಳವಸ್ತ್ರಗಳನ್ನು ಆರಿಸಿಕೊಂಡರು. ಅದು ಪೂರ್ತಿ ಸತ್ಯವಲ್ಲ. ಆದರೂ ಆ ಮುಖಗಳನ್ನು ಇಷ್ಟು ಗೌರವದಿಂದ ನೋಡಿದವರು ವಿರಳ.

1924ರಲ್ಲಿ ರಮೋನ್ ಬರೆದ ‘ಎದೆಗಾರ ಶಾಂತಿ ಆಂದಿಯಾ’ ಮ್ಯಾಡ್ರಿಡ್‌ನ ರೇನಾ ಸೊಫಿಯಾ ಮ್ಯೂಸಿಯಂನಲ್ಲಿದೆ. ಹೆಸರು ಪಿಯೊ ಬರೋಹಾ ಅವರ 1911ರ ಕಾದಂಬರಿಯ ನಾವಿಕನದು. ಬಾಸ್ಕ್ ಚಿತ್ರಕಲೆಯನ್ನು ಒಟ್ಟಾಗಿ ನೋಡಬೇಕೆನ್ನುವವರು ಬಿಲ್ಬಾವೊದ ಲಲಿತಕಲಾ ಮ್ಯೂಸಿಯಂಗೆ ಹೋಗಬೇಕು. ಅಲ್ಲಿಂದ ಬೆರ್ಮೇವೊ ದೂರವಿಲ್ಲ. ಆ ಊರಿನ ಹಳೆಯ ಎರ್ಸಿಯಾ ಗೋಪುರದಲ್ಲಿ 1948ರಿಂದ ಮೀನುಗಾರರದ್ದೇ ಒಂದು ಮ್ಯೂಸಿಯಂ ಇದೆ.