ಫಿಜಿಯೋಥೆರಪಿ: ಆಸ್ಪತ್ರೆಯಲ್ಲಿ ಆರಂಭ, ಮನೆಯಲ್ಲಿ ಮುಂದುವರಿಕೆ

ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ ಸುತ್ತಿನ ನಮ್ಮ ರೈತ ಕುಟುಂಬಗಳಿಗೆ ಫಿಜಿಯೋಥೆರಪಿ ಎಂಬ ಮಾತು ಈಗ ಹೊಸದೇನಲ್ಲ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೆ, ಲಕ್ವ ಹೊಡೆದ ಅಪ್ಪನಿಗೆ, ಪಾದ ಸೊಟ್ಟಗಿರುವ ಮಗುವಿಗೆ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಆ ಮಾತು ಇರುತ್ತದೆ. ಆದರೆ ಅಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರೆ "ಕೈಕಾಲು ತಿಕ್ಕುತ್ತಾರೆ, ಕರೆಂಟು ಇಡುತ್ತಾರೆ" ಎಂಬ ಉತ್ತರವೇ ಹೆಚ್ಚು. ಹೀಗೆ ತಿಳಿದುಕೊಂಡಿರುವುದರಿಂದಲೇ ಎಷ್ಟೋ ಮಂದಿ ನಾಲ್ಕು ದಿನ ಹೋಗಿ, ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ.

ನಮ್ಮ ಪರಿಚಯದ ರೈತ ಕುಟುಂಬದ ವಿದ್ಯಾರ್ಥಿನಿಯೊಬ್ಬಳು ಇಂಟರ್ಮೀಡಿಯೆಟ್ ಮುಗಿಸಿ ಈ ವಿದ್ಯೆ ಕಲಿಯಬೇಕೆಂದಿದ್ದಾಳೆ. ಕಾಲೇಜು ಸೇರುವ ಮೊದಲು ಕೆಲಸ ಹೇಗಿರುತ್ತದೆಂದು ಕಣ್ಣಾರೆ ನೋಡಲು ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ಕೆಲವು ವಾರ, ಕಲ್ಯಾಣದುರ್ಗದ ಒಂದು ಆಸ್ಪತ್ರೆಯಲ್ಲಿ ಕೆಲವು ದಿನ ಅನುಮತಿ ಪಡೆದು ಕುಳಿತು ಬಂದಳು. ಆಕೆ ಹೇಳಿದ್ದನ್ನು ಕೇಳಿ, ರೋಗಿಗಳ ಹೆಸರು, ಊರು ಬಿಟ್ಟು, ಉಪಯುಕ್ತವಾದುದನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲ ದಿನವೇ ಆಕೆಗೆ ಕೆಲವು ನಿಯಮಗಳನ್ನು ಹೇಳಿದರು. ರೋಗಿ ಒಪ್ಪಿದರೆ ಮಾತ್ರ ಹತ್ತಿರ ನಿಲ್ಲಬೇಕು. ಹೇಳದೆ ಯಾರನ್ನೂ ಮುಟ್ಟಬಾರದು. ಫೋಟೋ ತೆಗೆಯಬಾರದು. ಒಳಗೆ ಕಂಡದ್ದನ್ನು ಬಸ್ ಸ್ಟ್ಯಾಂಡಿನಲ್ಲಿ ಮಾತನಾಡಬಾರದು. ನೋಡಿ ಕಲಿಯುವವರಿಗೆ ಇದೇ ಮೊದಲ ಪಾಠ. ಪಾವಗಡ ಕಡೆಯಿಂದ ಬಂದ ಒಬ್ಬ ಅಜ್ಜಿಗೆ ತೆಲುಗು ಸರಿಯಾಗಿ ಬಾರದು. ಅವರ ನೋವನ್ನು ಕನ್ನಡದಲ್ಲಿ ಕೇಳಿ ತಿಳಿಸಿದ್ದೇ ಆಕೆ ಮಾಡಿದ ಮೊದಲ ಸಹಾಯ.

ಯಂತ್ರಗಳನ್ನೇ ನೋಡಬಹುದು ಎಂದುಕೊಂಡು ಹೋದವಳಿಗೆ ಕಂಡದ್ದು ಬೇರೆ. ಚಿಕಿತ್ಸಕರು ಮೊದಲು ಕೇಳುತ್ತಾರೆ, ಆಮೇಲೆ ಅಳೆಯುತ್ತಾರೆ. ಮೊಣಕಾಲು ಎಷ್ಟು ಮಡಚುತ್ತದೆ ಎಂಬುದನ್ನು ಕೋನಮಾಪಕದಂಥ ಪಟ್ಟಿ ಹಿಡಿದು ಡಿಗ್ರಿಯಲ್ಲಿ ಬರೆದುಕೊಳ್ಳುತ್ತಾರೆ. ಮಾಂಸಖಂಡದ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಸ್ವಲ್ಪವೂ ಅದುರದಿದ್ದರೆ 0. ಕೈಕಾಲನ್ನು ತಾನೇ ಮೇಲಕ್ಕೆ ಎತ್ತಿದರೆ 3. ಎದುರು ಒತ್ತಿದರೂ ಪೂರ್ಣ ತಡೆದರೆ 5. ನಂತರ "ನಿಮಗೆ ಮುಖ್ಯವಾಗಿ ಯಾವ ಕೆಲಸ ಆಗಬೇಕು?" ಎಂದು ಕೇಳುತ್ತಾರೆ. ಒಬ್ಬರಿಗೆ ಬಸ್ಸಿನ ಮೆಟ್ಟಿಲು ಹತ್ತಬೇಕು, ಒಬ್ಬರಿಗೆ ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂರಬೇಕು, ಇನ್ನೊಬ್ಬರಿಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಬೇಕು. ಅದಕ್ಕೆ ತಕ್ಕಂತೆ ವ್ಯಾಯಾಮ ಗೊತ್ತುಮಾಡುತ್ತಾರೆ.

ಹಿಂದೂಪುರದಲ್ಲಿ ಆಕೆ ಹೆಚ್ಚಾಗಿ ಗಮನಿಸಿದ್ದು ಲಕ್ವ ಹೊಡೆದ ಒಬ್ಬ ಕಡಲೆಕಾಯಿ ಬೆಳೆಗಾರರನ್ನು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮೊದಲು ಮಂಚದಲ್ಲಿ ಮಗ್ಗುಲು ತಿರುಗುವುದು, ಬಳಿಕ ಅಂಚಿನಲ್ಲಿ ಕೂರುವುದು, ಎರಡು ಕಂಬಿಗಳ ನಡುವೆ ನಿಲ್ಲುವುದು, ಒಂದು ಹೆಜ್ಜೆ ಇಡುವುದು, ಹೀಗೆ ಸಾಗಿತು. ಒಂದೇ ಚಲನೆಯನ್ನು ಹತ್ತಾರು ಸಲ ಮಾಡಿಸುತ್ತಿದ್ದರು. ಲಕ್ವದಲ್ಲಿ ಕೆಟ್ಟಿರುವುದು ಕೈಯಲ್ಲ, ಕೈಗೆ ಅಪ್ಪಣೆ ಕೊಡುವ ಮಿದುಳಿನ ಭಾಗ. ಪದೇ ಪದೇ ಮಾಡಿಸಿದಾಗ ಮಿದುಳಿನ ಉಳಿದ ಭಾಗ ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿಯುತ್ತದೆ. ಮೊದಲ ಮೂರು ತಿಂಗಳಲ್ಲಿ ಈ ಕಲಿಕೆ ಹೆಚ್ಚು. ಅನಂತರವೂ ನಿಧಾನವಾಗಿ ನಡೆಯುತ್ತದೆ.

ಅಷ್ಟರಲ್ಲಿ ಮಳೆ ಬಿತ್ತು. ಬಿತ್ತನೆಗೆ ಹದ ಸಿಕ್ಕಿತೆಂದು ಮಗ ಅಪ್ಪನನ್ನು ಊರಿಗೆ ಕರೆದುಕೊಂಡು ಹೋದ. ಅವನನ್ನು ನಾವು ದೂರುವುದಿಲ್ಲ. ಹದ ತಪ್ಪಿದರೆ ವರ್ಷದ ಬೆಳೆಯೇ ತಪ್ಪುವ ಸೀಮೆ ನಮ್ಮದು. ಮೂರು ವಾರ ಕಳೆದು ಬಂದಾಗ ಹಿರಿಯರ ಮೊಣಕೈ ಮಡಚಿ ಬಿಗಿದಿತ್ತು, ಭುಜ ಮುಟ್ಟಿದರೆ ನೋವು. ಪಾರ್ಶ್ವ ಬಿದ್ದ ಕೈಯನ್ನೇ ಹಿಡಿದು ಎಳೆದು ಎಬ್ಬಿಸುತ್ತಿದ್ದರಂತೆ. ಬಲವಿಲ್ಲದ ಭುಜದ ಕೀಲನ್ನು ಹಿಡಿದಿಡುವ ಮಾಂಸಖಂಡ ಸಡಿಲವಾಗಿರುತ್ತದೆ. ಎಳೆದರೆ ಕೀಲು ಜಾರಿ ನೋವು ಆರಂಭವಾಗುತ್ತದೆ. ಅಲುಗಾಡಿಸದೆ ಬಿಟ್ಟ ಕೀಲು ಎಣ್ಣೆ ಕಾಣದ ಕೀಲಿಯಂತೆ ಬಿಗಿಯುತ್ತದೆ.

ಚಿಕಿತ್ಸಕರು ಬೈಯಲಿಲ್ಲ. ಮರುದಿನ ಹಿರಿಯರ ಹೆಂಡತಿಯನ್ನೂ ಸೊಸೆಯನ್ನೂ ಕರೆಸಿ, ಅವರ ಕೈಯಿಂದಲೇ ವ್ಯಾಯಾಮ ಮಾಡಿಸಿದರು. ತಪ್ಪಿದಲ್ಲಿ ತಿದ್ದಿದರು. ಬೆಳಿಗ್ಗೆ ಕಾಫಿಗೆ ಮೊದಲು, ಮಧ್ಯಾಹ್ನ ಊಟಕ್ಕೆ ಮೊದಲು, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಂದು ಗೊತ್ತುಪಡಿಸಿದರು. "ಮನೆಯಲ್ಲಿ ಕಾಯಿ ಸುಲಿಯುವಾಗ ಇವರನ್ನೂ ಜೊತೆಗೆ ಕೂರಿಸಿಕೊಳ್ಳಿ, ಎಡಗೈ ಬಲಗೈಗೆ ಆಸರೆಯಾಗಲಿ" ಎಂದರು. ನಮ್ಮ ವಿದ್ಯಾರ್ಥಿನಿ ವಾಪಸು ಬರುವ ಹೊತ್ತಿಗೆ ಹಿರಿಯರು ಕೋಲೂರಿ ಜಗಲಿಯಿಂದ ಕಣದವರೆಗೆ ಹೋಗುತ್ತಿದ್ದರು. ಕೈ ಪೂರ್ತಿ ಬಂದಿರಲಿಲ್ಲ. ಆದರೆ ಅಂಗಿಯ ತೋಳಿಗೆ ತಾವೇ ಕೈ ತೂರಿಸಿಕೊಳ್ಳುತ್ತಿದ್ದರು.

ಕಲ್ಯಾಣದುರ್ಗದಲ್ಲಿ ಆಕೆ ಕಂಡದ್ದು ಹುಟ್ಟಿನಿಂದ ಪಾದ ಒಳಕ್ಕೆ ತಿರುಗಿದ್ದ ಒಂದು ಕೂಸು. ಇದಕ್ಕೆ ಇಗ್ನೇಷಿಯೋ ಪೊನ್ಸೆಟಿ ಎಂಬ ವೈದ್ಯರು ಅಮೆರಿಕದಲ್ಲಿ ರೂಪಿಸಿದ ವಿಧಾನವನ್ನು ಈಗ ಎಲ್ಲ ಕಡೆ ಅನುಸರಿಸುತ್ತಾರೆ. ವಾರಕ್ಕೊಮ್ಮೆ ಪಾದವನ್ನು ಮೆಲ್ಲನೆ ತಿದ್ದಿ ಹಿಟ್ಟಿನ ಪಟ್ಟಿ ಹಾಕುತ್ತಾರೆ. ಸಾಮಾನ್ಯವಾಗಿ ಐದಾರು ಪಟ್ಟಿಗಳಲ್ಲಿ ಪಾದ ನೇರವಾಗುತ್ತದೆ. ಹಲವರಿಗೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಸಣ್ಣ ಕೊಯ್ತ ಬೇಕಾಗುತ್ತದೆ. ಬಳಿಕ ಅಡ್ಡಪಟ್ಟಿ ಇರುವ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಹಾಕಬೇಕು. ಮಗು ಅಳುತ್ತದೆಂದು ತಾಯಿ ಬೂಟು ಬಿಚ್ಚಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಇಲ್ಲಿಯೂ ಮನೆಯವರೇ ನಿಜವಾದ ಚಿಕಿತ್ಸಕರು.

ನಮ್ಮ ಸೀಮೆಯಲ್ಲಿ ಇಂಥ ಸೇವೆ ಸುಲಭವಾಗಿ ಬಂದದ್ದಲ್ಲ. ಒಂದು ಕಾಲದಲ್ಲಿ ಯೇಸು ಸಭೆಯ ಸದಸ್ಯರಾಗಿದ್ದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ರೂರಲ್ ಡೆವಲಪ್‌ಮೆಂಟ್ ಟ್ರಸ್ಟನ್ನು ಕಟ್ಟಿದರು. ಮುಂದೆ ಆ ಸಂಸ್ಥೆ ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ತೆರೆಯಿತು, ಅಂಗವಿಕಲರಿಗಾಗಿಯೂ ದುಡಿಯಿತು. ಫೆರರ್ 2009ರಲ್ಲಿ ತೀರಿಕೊಂಡರು. ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರನ್ನೂ ಇಲ್ಲಿ ನೆನೆಯಬೇಕು. 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ಅವರು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಮುಂದೆ ಅಲ್ಲಿನ ಪುನರ್ವಸತಿ ಚಿಕಿತ್ಸೆಯನ್ನು ಬೆಳೆಸಿದರು.

ಓದುಗರು ನೆನಪಿಡಬೇಕಾದ ಕೆಲವು ಮಾತುಗಳು:

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬರೆ ಹಾಕಿಸಿ, ಸೊಪ್ಪಿನ ರಸ ಕುಡಿಸಿ ಹೊತ್ತು ಕಳೆಯಬೇಡಿ. ನುಂಗಲು ಬರುವುದೋ ಇಲ್ಲವೋ ತಿಳಿಯುವವರೆಗೆ ನೀರನ್ನೂ ಕೊಡಬೇಡಿ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ. ಇಲ್ಲವಾದರೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಸೋತ ಕೈಗೆ ದಿಂಬಿನ ಆಸರೆ ಕೊಡಿ. ಆ ಕೈ ಹಿಡಿದು ಎಳೆಯಬೇಡಿ. ಬೆನ್ನಿಗೆ, ಸೊಂಟಕ್ಕೆ ಕೈಕೊಟ್ಟು ಎಬ್ಬಿಸಿ.

ಆಸ್ಪತ್ರೆಯಿಂದ ಹೊರಡುವ ಮೊದಲು ಮನೆಯ ಇಬ್ಬರಾದರೂ ವ್ಯಾಯಾಮ ಕಲಿಯಿರಿ. ಒಬ್ಬರು ಹೊಲಕ್ಕೆ ಹೋದರೆ ಇನ್ನೊಬ್ಬರು ಮಾಡಿಸಬಹುದು. ಬಿತ್ತನೆ, ಕಟಾವು ಹತ್ತಿರವಿದ್ದರೆ ಅದನ್ನು ಚಿಕಿತ್ಸಕರಿಗೆ ಮೊದಲೇ ಹೇಳಿ. ಅದಕ್ಕೆ ತಕ್ಕಂತೆ ಅವರು ದಾರಿ ತೋರಿಸುತ್ತಾರೆ.

ಈ ವಿದ್ಯೆ ಕಲಿಯಲು ಬಯಸುವ ಮಕ್ಕಳಿಗೆ ಒಂದು ಮಾತು. ಬಿ.ಪಿ.ಟಿ. ಪದವಿ ಬಹುಕಾಲ ಆರು ತಿಂಗಳ ಆಸ್ಪತ್ರೆ ತರಬೇತಿ ಸೇರಿ ನಾಲ್ಕೂವರೆ ವರ್ಷದ್ದಾಗಿತ್ತು. 2025ರಲ್ಲಿ ಪ್ರಕಟವಾದ ಹೊಸ ಪಠ್ಯಕ್ರಮ ಅದನ್ನು ಐದು ವರ್ಷಕ್ಕೆ ಏರಿಸಿದೆ. ಸೇರುವ ಮೊದಲು ನಾಲ್ಕು ದಿನವಾದರೂ ಆಸ್ಪತ್ರೆಯಲ್ಲಿ ಕುಳಿತು ನೋಡಿ. ತಾಳ್ಮೆ ನಮಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಬೀಜ ಬಿತ್ತಿದ ಮರುದಿನ ಯಾವ ರೈತನೂ ಮೊಳಕೆ ಕಾಣಲಿಲ್ಲವೆಂದು ಹೊಲ ಬಿಟ್ಟು ಬರುವುದಿಲ್ಲ. ಸೋತ ಕೈಕಾಲಿನ ವಿಷಯದಲ್ಲೂ ಅಷ್ಟೇ ತಾಳ್ಮೆ ನಮಗಿರಲಿ. ನಿಮ್ಮ ನೆರೆಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದರೆ, ಈ ಭಾನುವಾರ ಪೂಜೆ ಮುಗಿಸಿ ಬರುವಾಗ ಅವರ ಮನೆಗೆ ಹೋಗಿ, ಅರ್ಧ ಗಂಟೆ ವ್ಯಾಯಾಮಕ್ಕೆ ಕೈಜೋಡಿಸಿ ಬನ್ನಿ.