ಗುಂಡು ಹೋದ ಮೇಲೆ ಗ್ಯಾಸಿನ ಕೆಲಸ

ಟೆಕ್ಸಾಸ್‌ನಲ್ಲಿರುವ ಮಗನ ಮನೆಗೆ ಹೋಗಿ ಬಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಗನಿಗೆ ಹಳೆಯ ಬಂದೂಕುಗಳ ಹುಚ್ಚು. ಎರಡನೇ ಮಹಾಯುದ್ಧದ ಕಾಲದ ಎಂ1 ಗ್ಯಾರಂಡ್ ರೈಫಲ್ ಒಂದನ್ನು ಕೊಂಡಿದ್ದಾನಂತೆ. ಅಪ್ಪ ನೋಡುತ್ತಿದ್ದಂತೆಯೇ ನಳಿಗೆಯ ಅಡಿಯಲ್ಲಿದ್ದ ಒಂದು ದಪ್ಪ ಸ್ಕ್ರೂ ಬಿಚ್ಚಿ, ಗ್ಯಾಸನ್ನು ಹೆಚ್ಚು ಕಡಿಮೆ ಮಾಡುವ ಹೊಸ ಪ್ಲಗ್ ಕೂರಿಸಿದನಂತೆ. ‘ಗ್ಯಾಸ್ ಪೂರ್ತಿ ಬಿಟ್ಟರೆ ಗುಂಡು ಇನ್ನಷ್ಟು ದೂರ ಹೋಗಬೇಕಲ್ಲ, ದುಡ್ಡು ಕೊಟ್ಟು ಅದನ್ನು ಕಡಿಮೆ ಮಾಡುವುದೇಕೆ ಎಂದು ಕೇಳಿದರೆ, ಅದು ಹಾಗಲ್ಲ ಅಪ್ಪಾ ಎಂದು ನಕ್ಕುಬಿಟ್ಟ. ಹಾಗಲ್ಲ ಎಂದರೆ ಹೇಗೆ, ನೀವಾದರೂ ಹೇಳಿ’ ಎಂಬುದು ಅವರ ಪ್ರಶ್ನೆ.

ಈ ಅಪ್ಪ ಒಬ್ಬರೇ ಅಲ್ಲ. ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದ ಎಸ್‌ಎಲ್‌ಆರ್ ರೈಫಲ್ಲಿನಲ್ಲೂ ಗ್ಯಾಸ್ ತಿರುಗಿಸುವ ಉಂಗುರವಿದೆ. ಅದನ್ನು ‘ಟೈಟ್’ ಮಾಡಿದರೆ ಗುಂಡು ಗುಡ್ಡದಾಚೆ ಬೀಳುತ್ತದೆ ಎಂದು ಮೀಸೆ ತಿರುವುತ್ತ ಹೇಳುವ ನಿವೃತ್ತರನ್ನು ನಾನೇ ಕಂಡಿದ್ದೇನೆ. ಶುದ್ಧ ಸುಳ್ಳು. ಆದರೆ ಆ ಸುಳ್ಳಿನ ಹಿಂದಿರುವ ನಿಜ ಬಲು ಸೊಗಸಾದದ್ದು.

ಯಂತ್ರದ ಸ್ಥೂಲ ಪರಿಚಯ ಇಷ್ಟು. ಕುದುರೆ ಎಳೆದಾಗ ತೋಟಾದೊಳಗಿನ ಮದ್ದು ಉರಿದು ಅನಿಲವಾಗುತ್ತದೆ, ಅನಿಲ ಗುಂಡನ್ನು ದಬ್ಬುತ್ತದೆ. ನಳಿಗೆಯ ದಾರಿಯಲ್ಲಿ ಒಂದು ಸಣ್ಣ ತೂತಿದೆ. ಗುಂಡು ಅದನ್ನು ದಾಟಿದ ಕೂಡಲೇ ಒಂದಿಷ್ಟು ಅನಿಲ ತೂತಿಗೆ ನುಗ್ಗಿ ಒಂದು ಪಿಸ್ಟನ್ನನ್ನು ಹಿಂದಕ್ಕೆ ಗುದ್ದುತ್ತದೆ. ತೋಟಾದ ಹಿಂದೆ ಅಗುಳಿಯಂತೆ ಬಿಗಿದಿರುವ ಬೋಲ್ಟನ್ನು ಪಿಸ್ಟನ್ ಬಿಚ್ಚಿ ಹಿಂದೆ ನೂಕುತ್ತದೆ, ತೋಟಾದ ಖಾಲಿ ಕೇಸು ಹಾರುತ್ತದೆ. ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಹೊಸ ತೋಟಾ ಒಳಗೆ ಸೇರುತ್ತದೆ. ಈ ಉಪಾಯ ಹೊಳೆದವರಲ್ಲಿ ಅಮೆರಿಕದ ಜಾನ್ ಬ್ರೌನಿಂಗ್ ಒಬ್ಬರು. 1889ರಲ್ಲಿ ಯೂಟಾ ಪ್ರಾಂತ್ಯದ ಆಗ್ಡೆನ್‌ನಲ್ಲಿ ಗುರಿ ಹೊಡೆಯುತ್ತಿದ್ದಾಗ, ಪ್ರತಿ ಗುಂಡಿಗೂ ನಳಿಗೆಯ ಮುಂದಿನ ಕಳೆಗಿಡಗಳು ಬಾಗುವುದು ಅವರ ಕಣ್ಣಿಗೆ ಬಿತ್ತು. ಸುಮ್ಮನೆ ಗಾಳಿಗೆ ಹೋಗುವ ಈ ಶಕ್ತಿಯನ್ನು ದುಡಿಸಬಾರದೇಕೆ ಎಂದುಕೊಂಡ ಅವರ ಪ್ರಯೋಗ ಬೆಳೆದು, 1895ರ ಕೋಲ್ಟ್ ಮಷಿನ್ ಗನ್ ಆಯಿತು.

ಈಗ ಗಡಿಯಾರ ಹಿಡಿದು ನೋಡೋಣ, ಸೊಗಸೆಲ್ಲ ಅಲ್ಲಿದೆ. ಗ್ಯಾರಂಡ್‌ನ ನಳಿಗೆ ಸುಮಾರು 61 ಸೆಂಟಿಮೀಟರ್ ಉದ್ದ. ಗುಂಡು ಅದನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ದಾಟಿಬಿಡುತ್ತದೆ. ಒಳಗಿನ ಒತ್ತಡ ಆರಂಭದಲ್ಲಿ ವಾತಾವರಣದ ಒತ್ತಡದ ಮೂರು ಸಾವಿರ ಪಟ್ಟಿಗೂ ಹೆಚ್ಚು. ಗ್ಯಾಸಿನ ತೂತು ಇರುವುದು ನಳಿಗೆಯ ಬಾಯಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಹಿಂದೆ, ಅದರ ಅಗಲ ಎರಡು ಮಿಲಿಮೀಟರ್ ಅಷ್ಟೇ. ಗುಂಡು ಸೆಕೆಂಡಿಗೆ 800 ಮೀಟರ್ ದಾಟಿದ ವೇಗದಲ್ಲಿ ಈ ನಾಲ್ಕು ಸೆಂಟಿಮೀಟರ್ ಓಡಲು ತೆಗೆದುಕೊಳ್ಳುವ ಕಾಲ, ಸೆಕೆಂಡಿನ ಇಪ್ಪತ್ತು ಸಾವಿರದ ಒಂದು ಭಾಗ! ತೂತು ತೆರೆದುಕೊಂಡದ್ದಕ್ಕೂ ಗುಂಡು ಹೊರಬಿದ್ದು ಒತ್ತಡ ಕುಸಿಯತೊಡಗಿದ್ದಕ್ಕೂ ನಡುವೆ ಇರುವುದು ಅಷ್ಟೇ ಅವಕಾಶ. ಪಿಸ್ಟನ್ನಿಗೆ ಸಿಗುವುದು ಒಂದು ಗುದ್ದು ಮಾತ್ರ. ಆ ಗುದ್ದಿನ ಓಘದಲ್ಲಿ ಪಿಸ್ಟನ್ನಿನ ಉಕ್ಕಿನ ಸರಳು ತಾನಾಗಿ ಹಿಂದಕ್ಕೆ ತೇಲಿ ಉಳಿದ ಕೆಲಸ ಮುಗಿಸುತ್ತದೆ. ಅದೂ ಮೊದಲು ಸ್ವಲ್ಪ ದೂರ ಖಾಲಿ ಸರಿದು, ನಂತರವೇ ಬೋಲ್ಟನ್ನು ತಿರುಗಿಸಿ ಬಿಚ್ಚುತ್ತದೆ. ಅಷ್ಟರಲ್ಲಿ ನಳಿಗೆಯ ಒತ್ತಡ ಇಳಿದಿರಬೇಕು, ಇಲ್ಲವಾದರೆ ಆಪತ್ತು.

ಅಂದರೆ, ಪಿಸ್ಟನ್ ಮೈಮುರಿದು ಹೊರಡುವ ಹೊತ್ತಿಗೆ ಗುಂಡು ನಳಿಗೆಯಲ್ಲೇ ಇಲ್ಲ. ನಮ್ಮ ಎಸ್‌ಎಲ್‌ಆರ್‌ನ ಮೂಲವಾದ ಬೆಲ್ಜಿಯಂನ ಎಫ್‌ಎಎಲ್ ರೈಫಲ್ ಸ್ವಯಂಚಾಲಿತವಾಗಿ ಹೊಡೆದರೆ ನಿಮಿಷಕ್ಕೆ 650ರಿಂದ 700 ಸುತ್ತು. ಹಾಗಾದರೆ ಬೋಲ್ಟು ಒಮ್ಮೆ ಹಿಂದೆ ಹೋಗಿ ಮುಂದೆ ಬರಲು ಹಿಡಿಯುವುದು ಸೆಕೆಂಡಿನ ಹನ್ನೊಂದನೇ ಒಂದು ಭಾಗ. ಅಷ್ಟರಲ್ಲಿ ಗುಂಡು 60 ಮೀಟರ್ ಆಚೆಗೆ ಹೋಗಿರುತ್ತದೆ. ಹೋದ ಗುಂಡಿಗೆ ಇಲ್ಲಿ ಉಂಗುರ ತಿರುಗಿಸಿ ಯಾವ ಬಲ ತುಂಬುತ್ತೀರಿ? ತೂತಿನಿಂದ ಸೋರಿದ ಅನಿಲದಿಂದ ಗುಂಡಿನ ವೇಗ ತುಸು ಕುಗ್ಗುವುದು ನಿಜ. ಆದರೆ ಒಂದೇ ಪೆಟ್ಟಿಗೆಯ ಎರಡು ತೋಟಾಗಳ ನಡುವೆ ಸಹಜವಾಗಿರುವ ವ್ಯತ್ಯಾಸದಲ್ಲೇ ಅದು ಮುಳುಗಿಹೋಗುತ್ತದೆ.

ಹಾಗಾದರೆ ಈ ಹೊಂದಾಣಿಕೆ ಯಾರಿಗಾಗಿ? ಬಂದೂಕಿಗಾಗಿ. ಗ್ಯಾಸ್ ಸಾಲದೆ ಹೋದರೆ ಬೋಲ್ಟು ಅರ್ಧ ದಾರಿಯಿಂದಲೇ ಮರಳುತ್ತದೆ. ಖಾಲಿ ಕೇಸು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ, ಇಲ್ಲವೇ ಹೊಸ ತೋಟಾ ಏರುವುದಿಲ್ಲ. ಹೆಚ್ಚಾದರೆ ಬೋಲ್ಟು ಹಿಂದಿನ ಗೋಡೆಗೆ ಅಪ್ಪಳಿಸುತ್ತದೆ, ಭಾಗಗಳು ಬೇಗ ಸವೆಯುತ್ತವೆ, ಭುಜಕ್ಕೆ ಇಲ್ಲದ ಏಟು. ಮಿಖಾಯಿಲ್ ಕಲಾಷ್ನಿಕೋವ್ ತಮ್ಮ ಎಕೆ-47ರಲ್ಲಿ ಈ ರಗಳೆಯೇ ಬೇಡವೆಂದು ಯಾವ ತಿರುಪೂ ಇಡದೆ, ಮಣ್ಣು ಮಸಿ ತುಂಬಿದರೂ ಓಡಲಿ ಎಂದು ಬೇಕಾದ್ದಕ್ಕಿಂತ ಧಾರಾಳವಾಗಿ ಗ್ಯಾಸ್ ಕೊಟ್ಟರು. ಅದೇ ರಷ್ಯಾದ ಟೋಕರೇವ್ ವಿನ್ಯಾಸದ ಎಸ್‌ವಿಟಿ-40 ರೈಫಲ್ಲಿನದು ಇನ್ನೊಂದು ದಾರಿ. ಅದರಲ್ಲಿ ಐದು ತೂತುಗಳಿರುವ ರೆಗ್ಯುಲೇಟರ್: 1.1, 1.2, 1.3, 1.5 ಮತ್ತು 1.7 ಮಿಲಿಮೀಟರ್. ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯ ಅಂತರ ಎನ್ನಬೇಡಿ. ತೂತಿನ ವಿಸ್ತಾರ ಲೆಕ್ಕ ಹಾಕಿದರೆ ಮೊದಲನೆಯದಕ್ಕಿಂತ ಕೊನೆಯದು ಸುಮಾರು 2.4 ಪಟ್ಟು ದೊಡ್ಡದು. ರಷ್ಯಾದ ಚಳಿಯಲ್ಲಿ ಮದ್ದು ನಿಧಾನವಾಗಿ ಉರಿಯುತ್ತದೆ, ಎಣ್ಣೆ ಗಟ್ಟಿಯಾಗುತ್ತದೆ. ಅಲ್ಲಿ ದೊಡ್ಡ ತೂತೇ ಗತಿ.

ಮದ್ದಿನ ವಿಷಯ ಬಂತು, ಇದಕ್ಕೆ ಸ್ವಲ್ಪ ಜಾಗ ಕೊಡಲೇಬೇಕು. ಎರಡು ಬಗೆಯ ಮದ್ದು ಗುಂಡಿಗೆ ಒಂದೇ ವೇಗ ಕೊಡಬಹುದು, ಆದರೂ ಪಿಸ್ಟನ್ನಿಗೆ ಕೊಡುವ ಗುದ್ದು ಬೇರೆ ಬೇರೆ. ತೆಂಗಿನ ಗರಿ ಉರಿಸಿಯೂ ನೀರು ಕಾಯಿಸಬಹುದು, ಹುಣಸೆ ಕೊರಡು ಉರಿಸಿಯೂ ಕಾಯಿಸಬಹುದು. ಹಂಡೆ ಕಾದ ಮೇಲೆ ಒಲೆಗೆ ಇಣುಕಿದರೆ ಗರಿ ಬೂದಿಯಾಗಿರುತ್ತದೆ, ಕೊರಡು ಇನ್ನೂ ಕೆಂಡ ಕಾರುತ್ತಿರುತ್ತದೆ. ಬೇಗ ಉರಿಯುವ ಮದ್ದಿನ ಒತ್ತಡ ಥಟ್ಟನೆ ಏರಿ ಥಟ್ಟನೆ ಇಳಿಯುತ್ತದೆ. ನಿಧಾನದ್ದು ಗುಂಡು ಗ್ಯಾಸಿನ ತೂತಿನ ಹತ್ತಿರ ಬಂದಾಗಲೂ ಜೋರಾಗಿಯೇ ತಳ್ಳುತ್ತಿರುತ್ತದೆ.

ಈ ಸೂಕ್ಷ್ಮವನ್ನು ಕಡೆಗಣಿಸಿದ್ದಕ್ಕೆ ಅಮೆರಿಕದ ಸೇನೆ ವಿಯೆಟ್ನಾಂನಲ್ಲಿ ದಂಡ ತೆತ್ತಿತು. ಯುಜೀನ್ ಸ್ಟೋನರ್ ವಿನ್ಯಾಸದ ಎಂ16 ರೈಫಲ್ಲಿನಲ್ಲಿ ಪ್ರತ್ಯೇಕ ಪಿಸ್ಟನ್ ಸರಳಿಲ್ಲ. ಅನಿಲ ಒಂದು ಸಣ್ಣ ಕೊಳವೆಯಲ್ಲಿ ಬಂದು ನೇರವಾಗಿ ಬೋಲ್ಟಿನ ಭಾಗಕ್ಕೇ ನುಗ್ಗುತ್ತದೆ, ತಿರುಗಿಸುವ ಉಂಗುರವೂ ಇಲ್ಲ. ಅದರ ತೂತು, ತೂಕ, ಸ್ಪ್ರಿಂಗು ಎಲ್ಲವನ್ನೂ ಹೊಂದಿಸಿದ್ದು ಡ್ಯುಪಾಂಟ್ ಕಂಪನಿಯ ಐಎಂಆರ್ 4475 ಎಂಬ ಕಡ್ಡಿಯಾಕಾರದ ಮದ್ದಿಗೆ. ಗೊತ್ತುಪಡಿಸಿದ ಒತ್ತಡದ ಮಿತಿಯೊಳಗೆ ಗೊತ್ತುಪಡಿಸಿದ ವೇಗ ಕೊಡುವುದು ಆ ಮದ್ದಿಗೆ ಕಷ್ಟವಾದಾಗ, 1964ರಲ್ಲಿ ಸೇನೆ ದುಂಡನೆಯ ಕಾಳಿನ ಡಬ್ಲ್ಯುಸಿ 846 ಎಂಬ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಎಲ್ಲವೂ ಸರಿ, ಗುಂಡಿನ ವೇಗವೂ ಸರಿ. ಆದರೆ ತೂತಿನ ಬಳಿ ಒತ್ತಡ ಹೆಚ್ಚಿತು, ರೈಫಲ್ ಓಡುವ ಗತಿ ನಿಮಿಷಕ್ಕೆ ಸಾವಿರ ಸುತ್ತಿನವರೆಗೂ ಏರಿತು. ಬೋಲ್ಟು ಅವಸರದಲ್ಲಿ ಬಿಚ್ಚಿಕೊಳ್ಳತೊಡಗಿತು. ಒತ್ತಡಕ್ಕೆ ಉಬ್ಬಿದ ಹಿತ್ತಾಳೆಯ ಕೇಸು ಕುಗ್ಗುವ ಮೊದಲೇ ಎಳೆದರೆ ಅದು ಬರುತ್ತದೆಯೇ? ಎಳೆಯುವ ಕೊಕ್ಕೆ ಕೇಸಿನ ಅಂಚನ್ನು ಕಿತ್ತುಕೊಂಡು ಬಂತು, ಕೇಸು ಒಳಗೇ ಉಳಿಯಿತು. ಹೊಸ ಮದ್ದಿನ ಮಸಿ ಬೇರೆ. ಸಾಲದ್ದಕ್ಕೆ, ಈ ರೈಫಲ್ಲನ್ನು ಸ್ವಚ್ಛಗೊಳಿಸುವ ಅಗತ್ಯವೇ ಇಲ್ಲವೆಂಬ ವದಂತಿ ಹಬ್ಬಿತ್ತು, ಅದರ ಸಲಕರಣೆಗಳೂ ಸರಿಯಾಗಿ ಹಂಚಿಕೆಯಾಗಿರಲಿಲ್ಲ. ಗುಂಡಿನ ಕಾಳಗದ ನಡುವೆ ಸೈನಿಕರು ನಳಿಗೆಯ ಬಾಯಿಂದ ಸರಳು ತೂರಿಸಿ ಕೇಸು ಕುಟ್ಟಿ ತೆಗೆಯಬೇಕಾಯಿತು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ ಸೇನೆಯ ಅಧಿಕಾರಿಗಳನ್ನು ಕಟುವಾಗಿ ಖಂಡಿಸಿತು. ಬೋಲ್ಟನ್ನು ನಿಧಾನಿಸುವ ಭಾರವಾದ ಬಫರ್ ಹಾಗೂ ತುಕ್ಕು ಹಿಡಿಯದ ಕ್ರೋಮ್ ಲೇಪ ಬಂದ ಮೇಲೆ ರೈಫಲ್ ದಾರಿಗೆ ಬಂತು.

ಗ್ಯಾರಂಡ್‌ನ ಕಥೆಯೂ ಇದರ ದಾಯಾದಿಯೇ. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ, 50 ಲಕ್ಷಕ್ಕೂ ಹೆಚ್ಚು ತಯಾರಾದ ರೈಫಲ್ ಅದು. ಈಗಲೂ ಅಲ್ಲಿನ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ಹಳೆಯ ಗ್ಯಾರಂಡ್‌ಗಳನ್ನು ನಾಗರಿಕರಿಗೆ ಮಾರುತ್ತದೆ. ಎರಡನೇ ಮಹಾಯುದ್ಧದಲ್ಲಿ ಗ್ಯಾರಂಡ್‌ಗೆ ಬಳಸಿದ್ದು ಸುಮಾರು ಒಂಬತ್ತೂಮುಕ್ಕಾಲು ಗ್ರಾಂ ತೂಕದ ಸೇನಾ ಗುಂಡು. ಇಂದು ಅಂಗಡಿಯಲ್ಲಿ ಸಿಗುವ ಹಲವು ಬೇಟೆಯ ತೋಟಾಗಳಲ್ಲಿ ಹನ್ನೊಂದು ಗ್ರಾಂ ದಾಟಿದ ಗುಂಡು, ಹಿಂದೆ ನಿಧಾನವಾಗಿ ಉರಿಯುವ ಮದ್ದು. ಪಿಸ್ಟನ್ನಿನಿಂದ ಬೋಲ್ಟಿನವರೆಗೆ ಹೋಗುವ ಗ್ಯಾರಂಡ್‌ನ ಸರಳು ಉದ್ದನೆಯದು, ನಳಿಗೆಗೆ ತಾಗದಂತೆ ವಿನ್ಯಾಸದಲ್ಲೇ ಬಾಗಿರುವಂಥದ್ದು. ಬಾಗಿದ ಸರಳಿಗೆ ಮಿತಿಮೀರಿ ಗುದ್ದು ಬಿದ್ದರೆ ಅದು ಇನ್ನಷ್ಟು ಬಾಗುತ್ತದೆ, ಆಗ ರೈಫಲ್ ಕೆಟ್ಟಂತೆಯೇ. ಟೆಕ್ಸಾಸ್‌ನ ಮಗ ಪ್ಲಗ್ ಬದಲಿಸಿದ್ದು ಇದಕ್ಕೇ.

ಬದಲಿಸುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ರೈಫಲ್ ಖಾಲಿಯಿದೆಯೆಂದು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಬೇಕು. ಗ್ಯಾಸ್ ಸಿಲಿಂಡರಿನ ಮೂತಿಯ ಹಳೆಯ ಸ್ಕ್ರೂ ಬಿಚ್ಚಿ, ಒಳಗಿನ ಮಸಿ ಒರೆಸಿ, ಹೊಸದನ್ನು ಬಿಗಿಯಬೇಕು. ಹೊಸ ಪ್ಲಗ್ಗಿನಲ್ಲಿ ಒಂದು ಗಾಳಿಕಂಡಿ ಇರುತ್ತದೆ, ಅದನ್ನು ತೆರೆದಷ್ಟೂ ಅನಿಲ ಹೊರಗೆ ಸೋರಿ ಪಿಸ್ಟನ್ನಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಗುರಿ ಅಭ್ಯಾಸದ ಮೈದಾನದಲ್ಲಿ ಕಂಡಿಯನ್ನು ಪೂರ್ತಿ ತೆರೆದಿಟ್ಟು, ಒಂದೊಂದೇ ತೋಟಾ ತುಂಬಿ ಹೊಡೆಯಬೇಕು. ಮೊದಲಿಗೆ ಬೋಲ್ಟು ಅಲುಗುವುದೇ ಇಲ್ಲ. ಸ್ವಲ್ಪ ಮುಚ್ಚಿದರೆ ಮುಕ್ಕಾಲು ದಾರಿ ಬರುತ್ತದೆ, ಇನ್ನೂ ಸ್ವಲ್ಪ ಮುಚ್ಚಿದರೆ ಕೇಸು ಹೊರಗೆ ಉರುಳುತ್ತದೆ. ಕೇಸು ಚಿಮ್ಮಿ ಹಾರಿ ಬೋಲ್ಟು ಪೂರ್ತಿ ಹಿಂದೆ ಬರುವ ಬಿಂದು ಸಿಕ್ಕಿದ ಮೇಲೆ, ಮಸಿ ಮತ್ತು ಚಳಿಗೆಂದು ತುಸು ಹೆಚ್ಚುವರಿ ಕೊಟ್ಟು ನಿಲ್ಲಿಸಬೇಕು. ತೋಟಾದ ಬಗೆ ಬದಲಾದರೆ ಮತ್ತೆ ಮೊದಲಿಂದ.

ನಮ್ಮ ಎಸ್‌ಎಲ್‌ಆರ್ ಈ ಪಾಠವನ್ನು ಮೈಯಲ್ಲೇ ಹೊತ್ತು ಬಂತು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರು ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟು ಎಳೆಯುವ .303 ರೈಫಲ್ ಹಿಡಿದು ನಿಂತಿದ್ದರು. ಆ ಯುದ್ಧದ ನಂತರ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆ ಎಸ್‌ಎಲ್‌ಆರ್ ತಯಾರಿಸಿ ಕೊಟ್ಟಿತು. ಅದರ ಉಂಗುರದ್ದೂ ಅದೇ ತತ್ವ: ತೆರೆದರೆ ಅನಿಲ ಹೊರಗೆ, ಮುಚ್ಚಿದರೆ ಪಿಸ್ಟನ್ನಿಗೆ. ಎಫ್‌ಎಎಲ್‌ನ ಪಾಠದಲ್ಲಿ, ಕೆಲಸ ಮಾಡುವ ಬಿಂದು ಸಿಕ್ಕ ಮೇಲೆ ಎರಡು ‘ಕ್ಲಿಕ್’ ಹೆಚ್ಚು ಮುಚ್ಚು ಎಂಬುದೇ ಸೂತ್ರ. ಮುಂದಿರುವ ಪ್ಲಗ್ಗನ್ನು ತಿರುಗಿಸಿಟ್ಟರೆ ಪಿಸ್ಟನ್ನಿಗೆ ಗ್ಯಾಸೇ ಹೋಗುವುದಿಲ್ಲ. ನಳಿಗೆಯ ತುದಿಯಿಂದ ಗ್ರೆನೇಡ್ ಹಾರಿಸಲು ಹೀಗೆ ಮಾಡುತ್ತಾರೆ, ಆಗ ರೈಫಲ್ ಮತ್ತೆ ಕೈಯಲ್ಲಿ ಎಳೆಯುವ ಹಳೆಯ ಜಾತಿಗೆ ಸೇರಿಬಿಡುತ್ತದೆ.

ಒಮ್ಮೆ ಆಯುಧ ಪೂಜೆಯ ದಿನ ಸಾಲಾಗಿ ಇಟ್ಟಿದ್ದ ರೈಫಲ್ಲುಗಳನ್ನು ಹತ್ತಿರದಿಂದ ನೋಡಿದ್ದೆ. ನಳಿಗೆಯುದ್ದಕ್ಕೂ ಅರಿಶಿನ, ಗ್ಯಾಸ್ ಉಂಗುರದ ಹಲ್ಲುಗಳ ಸಂದಿನಲ್ಲಿ ಕುಂಕುಮ ಮೆತ್ತಿಕೊಂಡಿತ್ತು. ಆಯುಧ ನೋಡಿಕೊಳ್ಳುವ ಆರ್ಮರರ್ ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು, ‘ದೇವರಿಗೆ ಇವತ್ತು, ನನಗೆ ನಾಳೆಯಿಡೀ ಕೆಲಸ’ ಎಂದು ಗೊಣಗುತ್ತಿದ್ದರು. ಪೂಜೆಗೆ ನನ್ನ ತಕರಾರಿಲ್ಲ. ಕೆಟ್ಟು ನಿಂತ ರೈಫಲ್ಲಿಗೆ ದೃಷ್ಟಿ ತಗುಲಿದೆ, ಗ್ರಹಚಾರ ಸರಿಯಿಲ್ಲ ಎಂದು ನಿಂಬೆಹಣ್ಣು ನಿವಾಳಿಸುವುದಕ್ಕೆ ಮಾತ್ರ ತಕರಾರಿದೆ. ಎರಡು ಮಿಲಿಮೀಟರ್ ತೂತಿನಲ್ಲಿ ಮಸಿ ಕುಳಿತಿದ್ದರೆ ಯಾವ ಗ್ರಹವೂ ಅದನ್ನು ತೆಗೆಯದು, ಬ್ರಷ್ಷೇ ತೆಗೆಯಬೇಕು.

ಹಾಗೆಂದು ತಿರುಪು ಸರ್ವರೋಗಕ್ಕೂ ಮದ್ದಲ್ಲ. ಮ್ಯಾಗಜಿನ್ನಿನ ಸ್ಪ್ರಿಂಗು ಸೋತಿದ್ದರೆ, ಕೇಸು ಎಳೆಯುವ ಕೊಕ್ಕೆ ಸವೆದಿದ್ದರೆ, ತೋಟಾ ಕೂರುವ ಗೂಡಿನಲ್ಲಿ ತುಕ್ಕಿದ್ದರೆ, ಗ್ಯಾಸ್ ಹೆಚ್ಚಿಸಿ ದಬ್ಬುವುದು ರೋಗ ಮುಚ್ಚಿಟ್ಟು ಯಂತ್ರವನ್ನು ಬೇಗ ಕೊಲ್ಲುವ ದಾರಿ.

ಟೆಕ್ಸಾಸ್‌ಗೆ ಹೋಗಿ ಬಂದ ಹಿರಿಯರೇ, ನಿಮ್ಮ ಮಗ ಮಾಡಿದ್ದು ಸರಿ. ಗುಂಡು ಎಷ್ಟು ದೂರ ಹೋಗಬೇಕೆಂದು ನಿರ್ಧರಿಸುವುದು ಮದ್ದು, ಗುಂಡು ಮತ್ತು ನಳಿಗೆ. ಗ್ಯಾಸ್ ಪ್ಲಗ್ ನಿರ್ಧರಿಸುವುದು ಬಂದೂಕು ಎಷ್ಟು ವರ್ಷ ಬಾಳಬೇಕೆಂದು. ಮುಂದಿನ ಸಲ ಫೋನ್ ಮಾಡಿದಾಗ, ತೋಟಾ ಬದಲಿಸಿದಾಗಲೆಲ್ಲ ತಿರುಪನ್ನೂ ಮತ್ತೆ ಹೊಂದಿಸುತ್ತಾನೋ ಇಲ್ಲವೋ ಎಂದು ಮಾತ್ರ ವಿಚಾರಿಸಿ.