ರಾಯಭಾರದ ವೃತ್ತಿ

ರಾಯಭಾರವೆಂದೊಡನೆ ನಮ್ಮ ಜನಕ್ಕೆ ನೆನಪಾಗುವುದು ಕೃಷ್ಣಸಂಧಾನ. ಬಯಲಾಟದಲ್ಲಿಯೋ ತಾಳಮದ್ದಳೆಯಲ್ಲಿಯೋ ಆ ಪ್ರಸಂಗವನ್ನು ಕೇಳದವರು ವಿರಳ. ಹಸ್ತಿನಾವತಿಯ ಸಭೆಯಲ್ಲಿ ಕೃಷ್ಣನು ನಿಂತದ್ದು ತನಗಾಗಿ ಅಲ್ಲ, ತನ್ನನ್ನು ಕಳುಹಿಸಿದ ಪಾಂಡವರಿಗಾಗಿ. ಕೌಟಿಲ್ಯನ ಅರ್ಥಶಾಸ್ತ್ರವು ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಪೂರ್ಣಾಧಿಕಾರವುಳ್ಳ ನಿಸೃಷ್ಟಾರ್ಥ, ಒಪ್ಪಿಸಿದ ಕಾರ್ಯಕ್ಕಷ್ಟೇ ಅಧಿಕಾರವುಳ್ಳ ಪರಿಮಿತಾರ್ಥ, ಓಲೆಯನ್ನು ಮುಟ್ಟಿಸುವ ಶಾಸನಹರ. ಮೂವರೂ ಆಡುವುದು ಕಳುಹಿಸಿದವರ ಮಾತನ್ನೇ. ಈ ವೃತ್ತಿಯನ್ನು ಬಯಸುವ ತರುಣ ತರುಣಿಯರು ಮೊದಲು ಮನಗಾಣಬೇಕಾದುದು ಇದನ್ನು.

ದೇಶ ಸುತ್ತುವ ಆಸೆಯಿಂದಲೋ, ಔತಣಕೂಟಗಳ ವೈಭವವನ್ನು ಕಂಡೋ ಇದಕ್ಕೆ ಮನಸೋಲುವವರು ಅನೇಕರು. ನಿಜವಾದ ಕೆಲಸ ಬೇರೆ. 1961ರ ವಿಯೆನ್ನಾ ಒಪ್ಪಂದವು ರಾಯಭಾರ ಕಚೇರಿಯ ಮುಖ್ಯ ಕರ್ತವ್ಯಗಳನ್ನು ಹೇಳಿದೆ. ತನ್ನ ದೇಶವನ್ನು ಪ್ರತಿನಿಧಿಸುವುದು, ಅದರ ಮತ್ತು ಅದರ ಪ್ರಜೆಗಳ ಹಿತವನ್ನು ಕಾಯುವುದು, ಮಾತುಕತೆ ನಡೆಸುವುದು, ಅಲ್ಲಿನ ಪರಿಸ್ಥಿತಿಯನ್ನು ನ್ಯಾಯಸಮ್ಮತ ಮಾರ್ಗದಿಂದ ಅರಿತು ವರದಿ ಮಾಡುವುದು, ಸ್ನೇಹವನ್ನು ಬೆಳೆಸುವುದು. ಇವು ಆ ಕರ್ತವ್ಯಗಳು.

ಇವುಗಳಲ್ಲಿ ಪ್ರಜೆಗಳ ಹಿತ ಕಾಯುವುದೆಂದರೆ ಏನೆಂಬುದು ಸಂಕಟದ ಕಾಲದಲ್ಲಿ ತಿಳಿಯುತ್ತದೆ. 1990ರಲ್ಲಿ ಇರಾಕಿನ ಸೈನ್ಯವು ಕುವೈತನ್ನು ಆಕ್ರಮಿಸಿದಾಗ, 1,70,000ಕ್ಕೂ ಮಿಕ್ಕ ಭಾರತೀಯರನ್ನು ಬಹುಪಾಲು ಜೋರ್ಡಾನಿನ ಅಮ್ಮಾನ್ ನಗರದ ಮಾರ್ಗವಾಗಿ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. 2022ರಲ್ಲಿ ಯುಕ್ರೇನಿನಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗಳು, ಅವರಲ್ಲಿ ಕರ್ನಾಟಕದವರೂ ಅನೇಕರು, ಪೋಲೆಂಡ್, ಹಂಗೇರಿ, ರುಮೇನಿಯ ಮೊದಲಾದ ನೆರೆರಾಜ್ಯಗಳ ಗಡಿ ದಾಟಿ ಊರಿಗೆ ಮರಳಿದರು. ಸಂಕಟವಿಲ್ಲದ ದಿನಗಳಲ್ಲಿಯೂ ಪಾಸ್‌ಪೋರ್ಟ್ ಕಳೆದುಕೊಂಡವರು, ಸೆರೆಮನೆಯಲ್ಲಿರುವವರು, ಪರದೇಶದಲ್ಲಿ ಮಡಿದವರ ಬಂಧುಗಳು ಮೊರೆಯಿಡುವುದು ನಮ್ಮ ಕಚೇರಿಯ ಬಾಗಿಲಿಗೇ.

ಭಾರತೀಯ ವಿದೇಶಾಂಗ ಸೇವೆಗೆ ಸೇರುವ ದಾರಿ ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸಸ್ ಪರೀಕ್ಷೆ. ಯಾವ ವಿಷಯದ ಪದವೀಧರರಾದರೂ ಕುಳಿತುಕೊಳ್ಳಬಹುದು. ಸಾಮಾನ್ಯ ವರ್ಗದವರಿಗೆ ವಯಸ್ಸು 21ರಿಂದ 32. ಇತರ ವರ್ಗಗಳಿಗೆ ಸಡಿಲಿಕೆಯುಂಟು. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಎಂದು ಮೂರು ಹಂತಗಳು. ಮುಖ್ಯ ಪರೀಕ್ಷೆಯ ಪ್ರಬಂಧವನ್ನೂ ಸಾಮಾನ್ಯ ಅಧ್ಯಯನದ ಪತ್ರಿಕೆಗಳನ್ನೂ ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಲೂಬಹುದು. ಹಳ್ಳಿಯ ಶಾಲೆಯಲ್ಲಿ ಕಲಿತವರು ಹಿಂಜರಿಯಬೇಕಾಗಿಲ್ಲ. ಆಯ್ಕೆಯಾದವರಿಗೆ ಮೊದಲು ಮಸ್ಸೂರಿಯಲ್ಲಿ, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ ತರಬೇತಿ. ಪ್ರತಿಯೊಬ್ಬರೂ ಅರಬ್ಬಿ, ಚೀನೀ, ರಷ್ಯನ್, ಫ್ರೆಂಚ್ ಮೊದಲಾದವುಗಳಲ್ಲಿ ತಮಗೆ ಗೊತ್ತುಪಡಿಸಿದ ಒಂದು ಭಾಷೆಯನ್ನು ಕಲಿತು ತೇರ್ಗಡೆಯಾಗಲೇಬೇಕು.

ಈ ವೃತ್ತಿ ಕೇಳುವ ಬೆಲೆಯನ್ನೂ ಎಣಿಸಿ ನೋಡಬೇಕು. ಕೆಲವು ವರ್ಷಗಳಿಗೊಮ್ಮೆ ಸಂಸಾರವನ್ನು ಕಿತ್ತು ಬೇರೆಡೆ ಊರಬೇಕಾಗುತ್ತದೆ. ಮಕ್ಕಳ ವಿದ್ಯಾಭ್ಯಾಸ, ಸಂಗಾತಿಯ ಉದ್ಯೋಗ, ಊರಿನಲ್ಲಿರುವ ವೃದ್ಧ ತಂದೆತಾಯಿಗಳ ಆರೈಕೆ ಇವೆಲ್ಲ ಪ್ರಶ್ನೆಗಳೇ. ತನಗೆ ಪೂರ್ಣವಾಗಿ ಒಪ್ಪಿಗೆಯಾಗದ ನೀತಿಯನ್ನು ಪರರ ಮುಂದೆ ಸಮರ್ಥಿಸಬೇಕಾಗಿಯೂ ಬರುತ್ತದೆ. ಒಳಗೆ ಭಿನ್ನಾಭಿಪ್ರಾಯವನ್ನು ಬರೆದು ತಿಳಿಸಬಹುದು. ಹೊರಗೆ ಸರ್ಕಾರದ ಮಾತೇ ತನ್ನ ಮಾತು.

ಹಾಗೆಂದು ಈ ನಿಷ್ಠೆ ದಾಸ್ಯವಲ್ಲ. ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಈ ಸೇವೆಗೆ ಸೇರಿದರು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸೇರಿದ ಮೊದಲ ಮಹಿಳೆ ಅವರೇ. ಮಹಿಳಾ ಅಧಿಕಾರಿಯು ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮವಿದ್ದ ಕಾಲವದು. ಬಡ್ತಿಯಲ್ಲಿ ತಮಗೆ ಅನ್ಯಾಯವಾಯಿತೆಂದು ಅವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ವಿಚಾರಣೆಗೆ ಬರುವಷ್ಟರಲ್ಲಿ ಬಡ್ತಿ ದೊರೆತಿತ್ತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿ, ಲಿಂಗಭೇದದ ಕಳಂಕವನ್ನು ತೊಡೆಯುವಂತೆ ಸರ್ಕಾರಕ್ಕೆ ಹೇಳಿದರು. ಮೊಕದ್ದಮೆಯ ನಂತರವೂ ಮುತ್ತಮ್ಮನವರು ಸೇವೆಯಲ್ಲಿ ಮುಂದುವರಿದು ನೆದರ್ಲೆಂಡ್ಸ್ ದೇಶದಲ್ಲಿ ಭಾರತದ ರಾಯಭಾರಿಯಾಗಿದ್ದರು.

ಈ ಸೇವೆಯಲ್ಲಿ ಸ್ಥಾನಗಳು ಕೆಲವೇ. ಅರ್ಹರೆಲ್ಲರಿಗೂ ಅವು ದೊರೆಯಲಾರವು. ಆದರೆ ಬಾಗಿಲು ಇದೊಂದೇ ಅಲ್ಲ. ವಿದೇಶಾಂಗ ಸಚಿವಾಲಯದ ಇತರ ಹುದ್ದೆಗಳು, ವಿಶ್ವಸಂಸ್ಥೆಯ ಕಚೇರಿಗಳು, ಭಾಷಾಂತರ, ಪತ್ರಿಕಾವೃತ್ತಿ, ಅಧ್ಯಾಪನ ಇವೆಲ್ಲ ಇದೇ ಕ್ಷೇತ್ರದ ಕವಲುಗಳು. 1955ರಲ್ಲಿ ಸ್ಥಾಪಿತವಾಗಿ ಮುಂದೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸೇರಿದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಂಥ ಕಡೆ ಉನ್ನತ ವ್ಯಾಸಂಗಕ್ಕೂ ಅವಕಾಶವಿದೆ.

ತನಗೆ ಈ ವೃತ್ತಿ ಒಗ್ಗುವುದೇ ಎಂದು ಅರಿಯಲು ಮನೆಯಲ್ಲಿಯೇ ಒಂದು ಅಭ್ಯಾಸ ಮಾಡಬಹುದು. ಕಾವೇರಿ ನೀರಿನ ವಿವಾದವನ್ನೇ ತೆಗೆದುಕೊಳ್ಳಿ. ತಮಿಳುನಾಡಿನ ರೈತನ ವಾದವನ್ನು, ಅವನೇ ಕೇಳಿ ಸರಿಯೆಂದು ತಲೆದೂಗುವಂತೆ ಒಂದು ಪುಟದಲ್ಲಿ ಬರೆಯಿರಿ. ಅನಂತರ ನಮ್ಮ ರೈತನ ವಾದವನ್ನು ಅಷ್ಟೇ ಗಟ್ಟಿಯಾಗಿ, ಕಟುನುಡಿಯಿಲ್ಲದೆ ಇನ್ನೊಂದು ಪುಟದಲ್ಲಿ ಬರೆಯಿರಿ. ಇದರಲ್ಲಿ ಬೇಸರಕ್ಕಿಂತ ಆಸಕ್ತಿ ಹೆಚ್ಚಿದರೆ ಅರ್ಜಿ ಹಾಕಲು ಅಳುಕಬೇಡಿ.